ಸ್ಟ್ರೆಚರಿನ ಮುಂದಿನ ಹಿಡಿಕೆ

ನನ್ನ ಕುತ್ತಿಗೆಯೊಳಗೆ ಈಗ ಒಂದು ಲೋಹದ ಪಟ್ಟಿಯೂ ಅದನ್ನು ಹಿಡಿದುಕೊಂಡ ಸ್ಕ್ರೂಗಳೂ ಇವೆ. ಹಿಂದಿನಿಂದ ಯಾರಾದರೂ ಕರೆದರೆ ತಲೆಯೊಂದನ್ನೇ ತಿರುಗಿಸಲು ಬರುವುದಿಲ್ಲ. ಚಕ್ಕಡಿ ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕು. ನಮ್ಮ ಓಣಿಯಲ್ಲಿ ತರಕಾರಿ ಮಾರುವ ಮೌಶಿ ಮೊದಮೊದಲು, ಈ ಫೌಜಿಗೆ ಎಷ್ಟು ಸೊಕ್ಕು, ಕೂಗಿದರೂ ನೋಡುವುದಿಲ್ಲ ಎಂದು ಸಿಟ್ಟಾಗಿದ್ದಳಂತೆ. ನನ್ನ ಹೆಂಡತಿ ಕಸ್ತೂರಿ ಹೋಗಿ ಆಪರೇಶನ್ನಿನ ಕಥೆಯನ್ನೆಲ್ಲ ಹೇಳಿ ಬಂದಳು. ಅಂದಿನಿಂದ ನಮ್ಮ ಚೀಲಕ್ಕೆ ಕೊತ್ತಂಬರಿ ಪುಕ್ಕಟೆ ಬೀಳುತ್ತದೆ.

ಕೊರಳಿಗೆ ಬೆಲ್ಟು ಕಟ್ಟಿಕೊಂಡು, ಯಾವುದೋ ಕಚೇರಿಯ ಬಾಕಿನ ಮೇಲೆ ಹೆಸರು ಕೂಗುವುದನ್ನೇ ಕಾಯುತ್ತ ಕುಳಿತ ನನ್ನಂಥ ನಿವೃತ್ತ ಸೈನಿಕರಿಗೆ ಜೊತೆಯಾಗಲಿ ಎಂದು ಇದನ್ನು ಬರೆಯಲು ಕುಳಿತೆ. ಆದರೆ ಕುತ್ತಿಗೆಯ ಮಾತು ಶುರು ಮಾಡಿದರೆ ಸಾಕು, ಆ ಸ್ಟ್ರೆಚರು ಬಂದು ಅಡ್ಡ ನಿಲ್ಲುತ್ತದೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ನಾನು ವಿಜಯಪುರದ ಕಡೆಯವನು. ಸೈನ್ಯಕ್ಕೆ ಸೇರಿದ ಹೊಸತರಲ್ಲಿ, ಊರಲ್ಲಿ ಡೊಳ್ಳು ಬಾರಿಸುತ್ತಿದ್ದೆ ಎಂದು ಬಾಯಿಬಿಟ್ಟೆ. ಬ್ಯಾಂಡಿಗೆ ಹಾಕಿದರು. ಎದೆಯ ಮೇಲೆ ದೊಡ್ಡ ಡ್ರಮ್ಮು ಹೊತ್ತು ನಡೆಯುವುದು ನನ್ನ ನೌಕರಿ. ರಜೆಗೆ ಹೋದಾಗ ನೆಂಟರು, "ನಿಂದೇನಪಾ ಮಲ್ಲೇಶಿ, ಮದುವಿ ಮನಿ ನೌಕರಿ" ಎಂದು ಚುಡಾಯಿಸುತ್ತಿದ್ದರು. ಪಲ್ಟನ್ನು ಗಡಿಗೆ ಹೋದಾಗ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಸ್ಟ್ರೆಚರ್ ಹಿಡಿಯುತ್ತಾರೆ, ಗಾಯಾಳುಗಳನ್ನು ಹೊರುವುದು ನಮ್ಮದೇ ಕೆಲಸ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೇಳಿದರೆ ನಗುತ್ತಿದ್ದರು. ಮುಂದೆ ದೊಡ್ಡ ದೊಡ್ಡ ಡಾಕ್ಟರುಗಳೂ ಅದನ್ನು ನಂಬಲಿಲ್ಲವಾದ್ದರಿಂದ ನೆಂಟರನ್ನು ದೂರುವುದಿಲ್ಲ.

ಸ್ಟ್ರೆಚರ್ ಹೊರುವುದಕ್ಕೆ ಒಂದು ಕ್ರಮವಿದೆ. ಇಳಿಜಾರಿನಲ್ಲಿ ರೋಗಿಯ ಕಾಲು ಮುಂದೆ ಬರಬೇಕು, ತಲೆ ಹಿಂದೆ. ಹಿಂದಿನ ಹಿಡಿಕೆ ಹಿಡಿದವನು ಅನುಭವಸ್ಥನಾಗಿರಬೇಕು, ಏಕೆಂದರೆ ರೋಗಿಯ ಮುಖ ಕಾಣುವುದು ಅವನಿಗೆ. ಮುಂದಿನವನು ಹಾದಿಯನ್ನಷ್ಟೇ ನೋಡಬೇಕು, ಹಿಂದಿರುಗಿ ನೋಡಕೂಡದು. ಹಿಡಿಕೆಗಳಿಗೆ ಸಿಕ್ಕಿಸಿದ ದಪ್ಪ ಪಟ್ಟಿ ನಮ್ಮ ಕೊರಳ ಹಿಂದಿನಿಂದ ಬಂದು ಹೆಗಲ ಮೇಲೆ ಕೂತಿರುತ್ತದೆ. ಕೈ ಸೋತರೂ ಭಾರ ಬೀಳಬಾರದೆಂದು ಆ ವ್ಯವಸ್ಥೆ. ನಾನು ಯಾವಾಗಲೂ ಮುಂದೆ. ಹಿಂದೆ ಶಿಂಧೆ.

ಶಿಂಧೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವನು, ನನಗಿಂತ ಹಿರಿಯ. ಅಕ್ಕಲಕೋಟೆಯ ಕಡೆಯವನಾದ್ದರಿಂದ ಮನೆಯಲ್ಲಿ ಮರಾಠಿ, ಹೊರಗೆ ನನಗಿಂತ ಚಲೋ ಕನ್ನಡ. ನಾನು ಅವನನ್ನು ಉಸ್ತಾದ ಎಂದೇ ಕರೆಯುತ್ತಿದ್ದೆ.

ಆ ದಿನ ಗಸ್ತಿಗೆ ಹೋದವರ ಮೇಲೆ ಹಿಮ ಕುಸಿದಿತ್ತು. ನಾವು ಹೊತ್ತು ತರಬೇಕಾಗಿದ್ದವನ ಹೆಸರು ಇಲ್ಲಿ ಬರೆಯುವುದಿಲ್ಲ, ಅವನ ಮನೆಯವರಿದ್ದಾರೆ. ಹಾದಿ ಇಬ್ಬರು ಹೊರುವಷ್ಟೇ ಅಗಲ. ಹೊರಟ ಸ್ವಲ್ಪ ಹೊತ್ತಿಗೆ ಪಟ್ಟಿ ಸರಿಮಾಡಿಕೊಳ್ಳಲು ಒಂದು ಸಲ ಕೆಳಗಿಟ್ಟೆವು. ಅವನು ಹಿಂದಿಯಲ್ಲಿ, "ನೀಚೇ ಮತ್ ರಖನಾ, ಭಾಯಿ" ಎಂದ. ಕೆಳಗಿಡಬೇಡಿ. ನೆಲದ ಥಂಡಿ ಸ್ಟ್ರೆಚರಿನ ಬಟ್ಟೆ ದಾಟಿ ಬೆನ್ನಿಗೆ ಇಳಿಯುತ್ತಿತ್ತೋ ಏನೋ. ಇಡೂದಿಲ್ಲ ಎಂದು ಶಿಂಧೆ ಮಾತು ಕೊಟ್ಟ. ನಾನೂ ಮುಂದಿನಿಂದಲೇ ಹೂಂ ಎಂದೆ.

ಕೆಳಗಿನ ಒಂದು ತಿರುವಿನಲ್ಲಿ ನನ್ನ ಕಾಲು ಜಾರಿತು. ಮೈ ಕೆಳಗೆ ಹೋಯಿತು, ಭಾರವೆಲ್ಲ ಪಟ್ಟಿಯ ಮೇಲೆ ಬಂತು, ಪಟ್ಟಿ ಕುತ್ತಿಗೆಯನ್ನು ಒಂದು ಕಡೆಗೆ ಎಳೆದು ಹಿಡಿಯಿತು. ಒಳಗೆ ಏನೋ ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಪಟ್ಟಿಯಿಂದ ತಲೆ ತೆಗೆದುಬಿಟ್ಟಿದ್ದರೆ ನಾನು ಪಾರಾಗುತ್ತಿದ್ದೆ, ಸ್ಟ್ರೆಚರು ಕಣಿವೆಗೆ ಹೋಗುತ್ತಿತ್ತು. ತೆಗೆಯಲಿಲ್ಲ. ಮೊಣಕಾಲ ಮೇಲೆ ಎದ್ದೆ, ಮತ್ತೆ ನಡೆದೆವು. ಕೆಳಗಿನ ಚಿಕಿತ್ಸಾ ಠಾಣೆಗೆ ಮುಟ್ಟಿದಾಗ ಡಾಕ್ಟರು ಬಗ್ಗಿ ನೋಡಿ, ಮುಗಿದಿದೆ ಎಂದರು.

ಅಷ್ಟು ಹೊತ್ತಿನವರೆಗೆ ನನ್ನ ಬೆನ್ನ ಹಿಂದೆ ಒಬ್ಬ ಮನುಷ್ಯ ಇದ್ದ. ಯಾವಾಗ ಹೋದ? ನಾನು ಜಾರಿದಾಗ ಸ್ಟ್ರೆಚರು ಕುಲುಕಿತಲ್ಲ, ಆಗಲೇ? ಶಿಂಧೆಯ ಮುಖ ನೋಡಿದೆ. ಅವನು ಹಿಮ ಮೆತ್ತಿದ ತನ್ನ ಬೂಟು ನೋಡುತ್ತಿದ್ದ. ಡಾಕ್ಟರ ಮುಂದೆ ಇನ್ನೂ ಎಷ್ಟೋ ಜನ ಮಲಗಿದ್ದರು. ಸತ್ತವನನ್ನು ತಂದಿಳಿಸಿದ ಕೈಯಲ್ಲೇ ನನ್ನ ಕುತ್ತಿಗೆ ನೋಡ್ರಿ ಎಂದು ಕೇಳುವವನು ನಮ್ಮ ಪಲ್ಟನ್ನಿನಲ್ಲಿ ಇರಲಿಲ್ಲ. ಮುಲಾಮು ಹಚ್ಚಿಕೊಂಡು ಮಲಗಿದೆ. ಬ್ಯಾಂಡು ಮತ್ತೆ ಕೂಡಿದಾಗ ಡ್ರಮ್ಮು ಹೊತ್ತೆ. ನೋವಿದೆಯೇ ಎಂದು ವರ್ಷಕ್ಕೊಮ್ಮೆ ಸಾಹೇಬರು ಕೇಳುತ್ತಿದ್ದರು, ಇಲ್ಲ ಸರ್ ಎನ್ನುತ್ತಿದ್ದೆ.

ನಿವೃತ್ತಿಯ ಹೊತ್ತಿಗೆ ಕುತ್ತಿಗೆ ಎಡಕ್ಕೆ ವಾಲಿತ್ತು. ಆಗಿನ ವೈದ್ಯಕೀಯ ಮಂಡಳಿಯವರು, ಇದು ವಯಸ್ಸಿನ ಸವೆತ, ಸೇವೆಗೂ ಇದಕ್ಕೂ ಸಂಬಂಧವಿಲ್ಲ, ಅಂಗವೈಕಲ್ಯದ ಪಿಂಚಣಿ ಕೊಡಲಾಗದು ಎಂದು ಬರೆದರು. ಬ್ಯಾಂಡಿನವನಿಗೆ ಕುತ್ತಿಗೆಗೆ ಏನಾಗುವಂಥದ್ದಿದೆ ಎಂದು ಒಬ್ಬರು ನಕ್ಕರು. ನಾನೂ ನಕ್ಕು ಸೆಲ್ಯೂಟ್ ಹೊಡೆದು ಬಂದೆ. ನಿಜ ಹೇಳಬೇಕೆಂದರೆ, ಅವರು ಹಾಗೆ ಬರೆದದ್ದರಿಂದ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆ ಹಾದಿಯ ಸುದ್ದಿಯನ್ನು ಯಾರೂ ಕೆದಕುವುದಿಲ್ಲವಲ್ಲ ಎಂದು.

ಪುಣೆಯಲ್ಲೇ ಉಳಿದೆವು. ದೇಹೂ ರೋಡಿನ ಹತ್ತಿರ ಮನೆ, ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯ ಗೇಟಿನಲ್ಲಿ ಕಾವಲಿನ ಕೆಲಸ. ಒಂದು ದಿನ ಅಂಗಿಯ ಗುಂಡಿ ಹಾಕಲು ಬೆರಳು ಮಾತು ಕೇಳಲಿಲ್ಲ. ಆಮೇಲೆ ಚಹಾದ ಗ್ಲಾಸು ಕೈಯಲ್ಲಿದ್ದದ್ದೇ ತಿಳಿಯದೆ ಜಾರಿತು. ಬಿಸಿ ಚಹಾ ಕಾಲ ಮೇಲೆ ಬಿದ್ದರೂ ಅದು ಬಿಸಿ ಎಂದು ಗೊತ್ತಾಗಲಿಲ್ಲ. ಕಸ್ತೂರಿ ಅದನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಟ್ಟೆ ತಂದು ಒರೆಸುತ್ತ, "ನಾಳೆ ದವಾಖಾನಿಗೆ ಹೋಗೂಣು" ಎಂದಷ್ಟೇ ಹೇಳಿದಳು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಎಂಆರ್‌ಐ ಮಾಡಿಸಿಕೊಂಡವರಿಗೆ ಆ ಕೊಳವೆ ಗೊತ್ತು. ಎಲ್ಲರೂ ಉಸಿರು ಕಟ್ಟುತ್ತದೆ ಎನ್ನುತ್ತಾರೆ. ನನಗೆ ಕಟ್ಟಿದ್ದು ಅದರ ಸದ್ದಿನಿಂದ. ಮಶೀನು ಬಡಿಯಲು ಶುರು ಮಾಡಿತು, ನಿಧಾನಕ್ಕೆ, ಒಂದೇ ಲಯದಲ್ಲಿ. ಶವಯಾತ್ರೆಯ ನಡಿಗೆಗೆ ನಾನೇ ಬಾರಿಸುತ್ತಿದ್ದ ಲಯ. ಜೀವಮಾನದಲ್ಲಿ ಎಷ್ಟು ಜನರನ್ನು ಹೊತ್ತಿದ್ದೆನೋ, ಮಲಗಿಸಿಕೊಂಡು ಹೋಗುವ ಸರದಿ ನನ್ನದಾದದ್ದು ಅವತ್ತೇ. ಬೆನ್ನ ಕೆಳಗೆ ಹಲಗೆ ತಣ್ಣಗಿತ್ತು. ಕೆಳಗಿಡಬೇಡಿ ಎಂದು ಯಾರೋ ಅಂದರು. ಬೇಕಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರಿನ ಉಂಡೆಯನ್ನು ಒತ್ತಿದೆ. ಮಶೀನು ನಡೆಸುವ ಹುಡುಗಿಯೊಬ್ಬಳು ಓಡಿ ಬಂದು, "ಕಾಕಾ, ನೀವು ಏನೋ ಅಂದಿರಲ್ಲ?" ಎಂದು ಮರಾಠಿಯಲ್ಲಿ ಕೇಳಿದಳು. ಅಂದದ್ದು ನಾನೇ ಎಂದು ಆಗ ತಿಳಿಯಿತು. ಆಮೇಲೆ ಅವಳು ಮುಗಿಯುವ ತನಕ ನನ್ನ ಪಾದ ಹಿಡಿದುಕೊಂಡು ಹೊರಗೆ ನಿಂತಿದ್ದಳು. ಅವಳ ಮುಖ ಮರೆತಿದ್ದೇನೆ, ಕೈಯ ಬಿಸಿ ಮರೆತಿಲ್ಲ.

ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಹೊರಬಂದು ನರದ ಹುರಿಯನ್ನು ಒತ್ತುತ್ತಿದೆ, ಆಪರೇಶನ್ ತಡಮಾಡಿದರೆ ಕಾಲೂ ಹೋಗಬಹುದು ಎಂದರು ಡಾಕ್ಟರು. ಹಳೆಯ ಪೆಟ್ಟಿನ ಗುರುತಿದೆ, ಎಲ್ಲಿ ಬಿದ್ದಿದ್ದಿರಿ ಎಂದೂ ಕೇಳಿದರು. ನಾನು ಕಸ್ತೂರಿಯನ್ನು ನೋಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಹೇಳಿರಲಿಲ್ಲ. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಹೇಳಿದೆ, ಜಾರಿದ್ದರ ತನಕ. ಅವನು ಯಾವಾಗ ಸತ್ತ ಎಂಬ ನನ್ನ ಸಂಶಯವನ್ನು ಹೇಳಲಿಲ್ಲ.

ಆಪರೇಶನ್ ಚಲೋ ಆಯಿತು. ಬೆರಳು ಮುಕ್ಕಾಲು ಮರಳಿದವು. ಗೇಟಿನ ಕೆಲಸ ಹೋಯಿತು. ಅಪೀಲು ಮಾಡಲೇಬೇಕೆಂದು ಹಟ ಹಿಡಿದವಳು ಕಸ್ತೂರಿ. "ವಯಸ್ಸಿನ ಸವೆತ ಅಂತ. ನನಗೂ ವಯಸ್ಸಾಗ್ಯದ, ನನ್ನ ಕುತ್ತಿಗಿ ನೆಟ್ಟಗ ಅದ. ನೀವು ಆ ಹಾದಿಗೆ ಹೋಗೇ ಇಲ್ಲ ಅಂದಂಗ ಬರದಾರಲ್ರಿ ಅವರು" ಎಂದಳು. ಆ ಮಾತು ನನಗೆ ತಾಗಿತು. ನಾನು ಹೋಗಿದ್ದೆ. ಇನ್ನೂ ಪೂರ್ತಿ ವಾಪಸ್ಸು ಬಂದಿಲ್ಲ.

ಮೊದಲ ಅಪೀಲು ಬಿದ್ದುಹೋಯಿತು. ಎರಡನೆಯದಕ್ಕೆ ಸೈನಿಕರ ಪ್ರಕರಣಗಳನ್ನೇ ನಡೆಸುವ ವಕೀಲಬಾಯಿಯೊಬ್ಬರು ಸಿಕ್ಕರು. ಮತ್ತೆ ಕಾಯುವುದು ಶುರುವಾಯಿತು. ಆ ಕಚೇರಿಗಳ ಪಡಸಾಲೆಗಳಲ್ಲಿ ಒಂದು ಚಂದ ನೋಡಬೇಕು. ನೋವು ಎಷ್ಟಿದೆ ಎಂದು ತೋರಿಸಲು ಬಂದ ಮುದುಕರೆಲ್ಲ ಸಾಹೇಬರು ಹಾದುಹೋದ ಕೂಡಲೇ ಎದ್ದು, ಎದೆ ಸೆಟೆಸಿ, ಗದ್ದ ಎತ್ತಿ ನಿಲ್ಲುತ್ತೇವೆ. ನಾನೂ ನಿಂತಿದ್ದೆ, ಬೆಲ್ಟು ಕಟ್ಟಿದ ಕೊರಳಲ್ಲೇ. ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಮನ್ಯಾಗ ಗ್ವಾಡಿಗಿ ಆತ್ಕೊಂಡು ಕೂಡ್ತೀರಿ, ಇಲ್ಲಿ ಬಂದು ಕಂಬ ಆಗ್ತೀರಿ. ಅವರ ಏನ್ ನಂಬ್ಯಾರು?" ಎಂದು ಗದರಿದಳು. ಸಾಹೇಬರ ಕಣ್ಣಿಗೆ ನಾವೆಲ್ಲ ಗಟ್ಟಿಮುಟ್ಟಾಗಿಯೇ ಕಂಡಿರಬೇಕು.

ಇಂಥ ಪ್ರಕರಣಗಳು ಹೆಚ್ಚಾಗಿ ಕಾಗದದ ಮೇಲೇ ಮುಗಿಯುತ್ತವೆ. ನಮ್ಮ ಅಪೀಲು ಕೇಳುವ ಮಂಡಳಿಯ ಅಧ್ಯಕ್ಷರು ಮಾತ್ರ, ಜಾರಿದ್ದನ್ನು ಕಂಡವರು ಯಾರಾದರೂ ಇದ್ದರೆ ಕರೆತನ್ನಿ, ಇಲ್ಲದಿದ್ದರೆ ಏನೂ ಮಾಡಲಾಗದು ಎಂದರು. ವಕೀಲಬಾಯಿ ನನ್ನ ಕಡೆ ತಿರುಗಿದರು. ಕಂಡವನು ಒಬ್ಬನೇ. ಅವನು ಬಂದು ಸತ್ಯ ಹೇಳಿದರೆ ನಾನು ಗೆಲ್ಲುತ್ತೇನೆ. ಅದೇ ಸತ್ಯದ ಜೊತೆಗೆ, ಇವನು ಜಾರಿದಾಗಲೇ ಆ ಮನುಷ್ಯ ಹೋದ ಎಂಬುದೂ ಬಂದರೆ? ಅದನ್ನು ಕೇಳಿಕೊಂಡು ಬದುಕುವುದು ನನಗೆ ಸಾಧ್ಯವೆನಿಸಲಿಲ್ಲ.

ಆದರೂ ಹೋದೆ. ಶಿಂಧೆ ಪುಣೆಯ ಅಂಚಿನ ಹಳ್ಳಿಯೊಂದರಲ್ಲಿ ಮದುವೆ ಬ್ಯಾಂಡು ನಡೆಸುತ್ತಿದ್ದ. ಸ್ವಾರಗೇಟಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಅವನ ಅಂಗಡಿ ಹುಡುಕಿದೆವು. ಗೋಡೆಯ ತುಂಬ ಕೆಂಪು ಕೋಟುಗಳು ತೂಗುತ್ತಿದ್ದವು. ನನ್ನ ಬೆಲ್ಟು ನೋಡಿ ಏನಾಯಿತೆಂದು ಕೇಳಲಿಲ್ಲ. ಚಹಾ ತರಿಸಿದ, ಮಕ್ಕಳ ಸುದ್ದಿ ಕೇಳಿದ, ಈಗಿನ ವರಗಳಿಗೆ ಕುಣಿಯಲು ಯಾವ ಹಾಡು ಬೇಕೆಂದು ನಗಿಸಿದ. ಸಾಕ್ಷಿಯ ಮಾತು ತೆಗೆದಾಗ ಚಹಾದ ಗ್ಲಾಸು ಕೆಳಗಿಟ್ಟ.

"ಭಾಳ ವರ್ಷ ಆತೋ ಮಲ್ಲೇಶಿ. ನನಗೇನೂ ನೆನಪಿಲ್ಲ."

"ಜಾರಿದ್ದು ನೆನಪಿಲ್ಲೇನ್ ಉಸ್ತಾದ?"

"ಏನೂ ನೆನಪಿಲ್ಲ ಅಂದೆ."

ಬಸ್ ಸ್ಟಾಪಿನವರೆಗೆ ಬಿಡಲು ಬಂದ. ತಲೆ ತಗ್ಗಿಸಿಕೊಂಡೇ ನಡೆದ. ವಯಸ್ಸಾಯಿತು ಇವನಿಗೂ ಎಂದುಕೊಂಡೆ. ಬಸ್ಸಿನಲ್ಲಿ ಕಸ್ತೂರಿ, ಸುಳ್ಳು ಹೇಳ್ತಾನ ಎಂದಳು. ನನಗೂ ಗೊತ್ತಿತ್ತು. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ, ಅಂದರೆ ನಾನು ಹೆದರಿದ್ದೇ ನಿಜ ಎಂದು ಲೆಕ್ಕ ಹಾಕಿದೆ. ಆ ದಿನಗಳಲ್ಲಿ ಕೊರಳ ಹಿಂದೆ ಪಟ್ಟಿಯ ಒತ್ತು ಹಗಲಿನಲ್ಲೂ ಬರತೊಡಗಿತು. ಅಡುಗೆಮನೆಯಲ್ಲಿ ನೀರು ಕುಡಿಯುತ್ತ ನಿಂತಿರುವಾಗ ಹಿಂದೆ ಯಾರೋ ಮಲಗಿದ್ದಾರೆ ಎನಿಸುತ್ತಿತ್ತು. ತಿರುಗಿ ನೋಡಲು ಕುತ್ತಿಗೆ ಬಾರದು. ಮೈ ತಿರುಗಿಸುವಷ್ಟರಲ್ಲಿ ಅಲ್ಲಿ ಹಿಟ್ಟಿನ ಡಬ್ಬಿ ಇರುತ್ತಿತ್ತು.

ಮಂಡಳಿಯ ದಿನ ಹತ್ತಿರ ಬಂದಾಗ ಶಿಂಧೆಯ ತಾಯಿ ತೀರಿಕೊಂಡ ಸುದ್ದಿ ಬಂತು. ಹೋಗದಿರಲು ಮನಸ್ಸಾಗಲಿಲ್ಲ. ಅವನ ಅಣ್ಣ ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆದಿದ್ದ, ಶಿಂಧೆ ಹಿಂದಿನಿಂದ ಹೆಗಲು ಕೊಟ್ಟಿದ್ದ. ನಾನು ಹೆಗಲು ಕೊಡಲಾರದೆ ಪಕ್ಕದಲ್ಲಿ ನಡೆದೆ. ಆ ಕಡೆ ಒಂದು ಪದ್ಧತಿಯಿದೆ. ಮಸಣದ ಅರ್ಧ ದಾರಿಯಲ್ಲಿ ವಿಸಾವಾ ಎಂಬ ಜಾಗವಿರುತ್ತದೆ, ಎಂದರೆ ದಣಿವಾರಿಸಿಕೊಳ್ಳುವ ಕಟ್ಟೆ. ಅಲ್ಲಿ ಚಟ್ಟವನ್ನು ಒಮ್ಮೆ ಕೆಳಗಿಳಿಸುತ್ತಾರೆ. ಮತ್ತೆ ಎತ್ತುವಾಗ ಮುಂದೆ ಹೊತ್ತವರು ಹಿಂದೆ ಹೋಗಬೇಕು, ಹಿಂದಿನವರು ಮುಂದೆ ಬರಬೇಕು.

ಚಟ್ಟ ಇಳಿಸಿದರು. ಶಿಂಧೆ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. ತಾಯಿಯನ್ನೇ ನೋಡುತ್ತಿದ್ದ.

"ಸತ್ತವರನ್ನೂ ಒಂದ್ಸಲ ಇಳಸ್ತಾರ ನೋಡು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಯಾವತ್ತ ಅದ ನಿಂದು?" ಎಂದು ಕೇಳಿದ.

ಮಂಡಳಿಯ ದಿನ ಹೇಳಿದೆ. ಬರ್ತೀನಿ ಎಂದು ಹೇಳಿ ಹೋಗಿ ಚಟ್ಟದ ಮುಂದಿನ ಬೊಂಬು ಹಿಡಿದ.

ಮಂಡಳಿಯ ಕೋಣೆಯಲ್ಲಿ ನನ್ನ ಕುತ್ತಿಗೆ ನೋಡಿ ಕುರ್ಚಿ ಕೊಟ್ಟರು. ಸಾಕ್ಷಿಯನ್ನು ನನ್ನ ಹಿಂದೆ ನಿಲ್ಲಿಸಿದರು. ಹೀಗೆ ನಾನು ಮತ್ತೆ ಮುಂದೆ, ಅವನು ಹಿಂದೆ. ತಿರುಗಿ ನೋಡುವಂತಿಲ್ಲ. ಅಧ್ಯಕ್ಷರು ಹಿಂದಿಯಲ್ಲಿ ಕೇಳುತ್ತ ಹೋದರು, ಶಿಂಧೆ ಪರೇಡಿನ ದನಿಯಲ್ಲಿ ಉತ್ತರಿಸುತ್ತ ಹೋದ. ಹೌದು ಸರ್, ಜಾರಿದ. ಹೌದು ಸರ್, ಪಟ್ಟಿ ಕುತ್ತಿಗೆ ಎಳೆಯಿತು. ಇಲ್ಲ ಸರ್, ಬಿಡಲಿಲ್ಲ. ವಕೀಲಬಾಯಿಯ ಮುಖ ಅರಳಿತು. ಆಗ ಪಕ್ಕದಲ್ಲಿದ್ದ ಡಾಕ್ಟರು ಕನ್ನಡಕ ತೆಗೆದು ಕೇಳಿದರು, ಸ್ಟ್ರೆಚರಿನ ಮೇಲಿದ್ದವನಿಗೆ ಆ ಜಾರುವಿಕೆಯಿಂದ ಏನಾದರೂ ಆಯಿತೇ ಎಂದು.

ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅರಿವು ಮರಳದ ಬೆರಳುಗಳೂ ನೋಯತೊಡಗಿದವು.

"ಏನೂ ಆಗಲಿಲ್ಲ, ಸರ್. ಅವನು ಅದಕ್ಕಿಂತ ಬಹಳ ಮೊದಲೇ ಹೋಗಿದ್ದ. ಮೇಲಿನ ತಿರುವಿನಲ್ಲೇ. ಮುಖ ನನ್ನ ಕಡೆ ಇತ್ತು, ನಾನು ನೋಡಿದೆ. ಇವನಿಗೆ ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

"ಕೆಳಗಿಡಬೇಡಿ ಎಂದಿದ್ದ, ಸರ್. ಹೇಳಿದ್ದರೆ ಇವನು ಇಳಿಸಿಬಿಡುತ್ತಿದ್ದ."

ಮಂಡಳಿಯ ನಿರ್ಧಾರ ಬರಲು ಮತ್ತೊಂದು ಮಳೆಗಾಲ ಹೋಯಿತು. ನನ್ನ ಕುತ್ತಿಗೆ ಹೀಗಾದದ್ದು ಸೇವೆಯಿಂದಲೇ ಎಂದು ಒಪ್ಪಿದರು. ಪಿಂಚಣಿಯಲ್ಲಿ ಅಂಗವೈಕಲ್ಯದ ಪಾಲೂ ಬರುತ್ತಿದೆ. ಕಸ್ತೂರಿ ಓಣಿಗೆಲ್ಲ ಪೇಢೆ ಹಂಚಿದಳು, ತರಕಾರಿಯ ಮೌಶಿಗೆ ಒಂದು ಹೆಚ್ಚಿಗೆ. ಕಾಯುತ್ತಿರುವವರಿಗೆ ನಾನು ಹೇಳುವುದು ಇಷ್ಟೇ, ನಿಮ್ಮ ಜೊತೆ ಹೊತ್ತವನನ್ನು ಹುಡುಕಿ. ಅವನು ನೆನಪಿಲ್ಲ ಎಂದರೆ ಇನ್ನೊಮ್ಮೆ ಹೋಗಿ.

ಆದರೆ ಅವತ್ತು ಆ ಕೋಣೆಯಿಂದ ಹೊರಬಂದಾಗ ನನಗೆ ಗೆದ್ದೆ ಎನಿಸಲಿಲ್ಲ. ಮೊದಲು ಮೈ ಹಗುರಾಯಿತು, ಅದರ ಬೆನ್ನಿಗೇ ಕಡುಸಿಟ್ಟು ಬಂತು. ನನ್ನ ಕುತ್ತಿಗೆ ಮುರಿದದ್ದು ಒಂದು ಹೆಣಕ್ಕಾಗಿ. ಅಷ್ಟು ವರ್ಷ ನಾನು ಹೆದರಿದ್ದು ಸುಳ್ಳೇ ಸುಳ್ಳು. ಬೇವಿನ ಮರದ ಕೆಳಗಿನ ಬಾಕಿನಲ್ಲಿ ಶಿಂಧೆಯ ಪಕ್ಕ ಕುಳಿತೆ. ಕಸ್ತೂರಿ ಚಹಾ ತರಲು ಹೋದಳು.

"ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ ಉಸ್ತಾದ?"

"ಹೇಳಿದ್ರ ಏನಂತಿದ್ದಿ? ಸತ್ತವನ್ನ ಹೊರಿಸಿ ನನ್ನ ಕುತ್ತಿಗಿ ಮುರಿಸಿದಿ ಅಂತಿದ್ದಿ."

"ಅಂತಿದ್ದೆ."

"ಅದಕ್ಕ ಹೇಳಲಿಲ್ಲ." ಅವನು ನನ್ನ ಬೆಲ್ಟಿನ ಕಡೆ ಮೊದಲ ಸಲ ಸರಿಯಾಗಿ ನೋಡಿದ. "ನೀ ಏನ್ ತಿಳ್ಕೊಂಡಿದ್ದಿ?"

"ನಾ ಜಾರಿದ್ದಕ್ಕ ಅವ ಹೋದ ಅಂತ."

ಶಿಂಧೆ ಪೂರ್ತಿ ನನ್ನ ಕಡೆ ತಿರುಗಿದ. "ಹಂಗ್ಯಾಕ ತಿಳ್ಕೊಂಡ್ಯೋ?"

"ಮುಂದ ಇದ್ದವಗ ಏನ್ ಕಾಣತದ, ಉಸ್ತಾದ?"

ಕಸ್ತೂರಿ ಚಹಾ ಕೊಟ್ಟಳು, ಕುಡಿದೆವು. ಆಮೇಲೆ ಶಿಂಧೆ ಎದ್ದು ನನ್ನ ರಟ್ಟೆ ಹಿಡಿದು ಎಬ್ಬಿಸಿದ.

"ಏಳು. ವಿಸಾವಾ ಆತು. ಈಗ ನಾ ಮುಂದ ನಡೀತೀನಿ, ನೀ ಹಿಂದ ಬಾ."

ಗೇಟಿನ ಕಡೆಗೆ ಅವನು ಮುಂದೆ ಹೊರಟ. ಅವನ ಬೆನ್ನು ನೋಡುತ್ತ ನಾನು ಹಿಂದೆ ನಡೆದದ್ದು ಅದೇ ಮೊದಲು. ಅವನ ಕುತ್ತಿಗೆ ನೆಟ್ಟಗಿತ್ತು, ಪೆಟ್ಟಿನ ಗುರುತೇ ಇರಲಿಲ್ಲ. ಆದರೆ ಹಾದಿಯನ್ನು ನೋಡದೆ, ಎರಡೂ ಕೈ ಸೊಂಟದ ಪಕ್ಕ ಮುಷ್ಟಿ ಕಟ್ಟಿ ಹಿಡಿದು, ಆ ಎರಡು ಕೈಗಳ ನಡುವೆ ಏನೋ ಇದೆಯೆಂಬಂತೆ ತಲೆ ತಗ್ಗಿಸಿ ಅದನ್ನೇ ನೋಡುತ್ತ ನಡೆಯುತ್ತಿದ್ದ. ಭಾರ ನನ್ನ ಪಾಲಿಗೆ ಬಂದಿತ್ತು, ಸತ್ತವನ ಮುಖ ಅವನ ಪಾಲಿಗೆ. ರಸ್ತೆ ದಾಟುವಾಗ, ಮುಂದ ನೋಡು ಉಸ್ತಾದ, ಹಾದಿ ನೋಡಿ ನಡಿ ಎಂದು ಹಿಂದಿನಿಂದ ಹೇಳಿದೆ.